ಮೈಕೆಲ್ ಫ್ಯಾರಡೆ (1791–1867): ಲೋಹದ ಕೋಣೆಯ ಪ್ರಯೋಗ ಮತ್ತು ಮನೆಯ ನಿಸ್ತಂತು ಜಾಲ

ಇಲಾಖೆಯ ಸೇವೆಗಳನ್ನು ಕೋರಿ ಮನೆಯಿಂದಲೇ ಅಂತರಜಾಲದ ಮುಖಾಂತರ ಅರ್ಜಿ ಸಲ್ಲಿಸುವ ನಾಗರಿಕರು ಆದಾಯ ಪ್ರಮಾಣಪತ್ರ, ಜನನ ದಾಖಲೆ, ಆಸ್ತಿಯ ವಿವರ, ಬ್ಯಾಂಕ್ ಖಾತೆಯ ಸಂಖ್ಯೆ ಮುಂತಾದವುಗಳನ್ನು ತಮ್ಮ ಗಣಕಯಂತ್ರ ಅಥವಾ ಮೊಬೈಲ್ ದೂರವಾಣಿಯಿಂದ ರವಾನಿಸುತ್ತಾರೆ. ಈ ಮಾಹಿತಿಯು ಬಹುಪಾಲು ಮನೆಗಳಲ್ಲಿ ಮೊದಲು ಸಾಗುವುದು ತಂತಿಯ ಮೂಲಕವಲ್ಲ, ವೈ-ಫೈ ಎಂಬ ನಿಸ್ತಂತು ಜಾಲದ ಮೂಲಕ. ಆ ಸಂಕೇತವು ಮನೆಯ ಗೋಡೆಗೆ ಬಂದು ನಿಲ್ಲುವುದಿಲ್ಲ. ಕಾಂಪೌಂಡನ್ನು ದಾಟಿ ರಸ್ತೆಗೂ, ಮೇಲಿನ ಮಹಡಿಗೂ, ಪಕ್ಕದ ಮನೆಯ ಅಂಗಳಕ್ಕೂ ಹೋಗುತ್ತದೆ. ಗೋಡೆಗೆ ಲೋಹದ ಹಾಳೆಯನ್ನೋ ಜಾಲರಿಯನ್ನೋ ಹೊದಿಸಿ ಅದನ್ನು ಒಳಗೇ ಹಿಡಿದಿಡಲು ಸಾಧ್ಯವೇ ಎಂಬ ಪ್ರಶ್ನೆ ಅನೇಕರಲ್ಲಿ ಮೂಡುವುದು ಸಹಜ. ಈ ಪ್ರಶ್ನೆಯ ಮೂಲವು 1836ರ ಜನವರಿಯಲ್ಲಿ ಲಂಡನ್ ನಗರದಲ್ಲಿ ಕಮ್ಮಾರನ ಮಗನೊಬ್ಬರು ನಡೆಸಿದ ಪ್ರಯೋಗದಲ್ಲಿದೆ. ಅವರ ಜೀವನವನ್ನೂ, ಆ ಪ್ರಯೋಗದಿಂದ ಇಂದಿನ ಮನೆಗಳಿಗೆ ದೊರೆಯುವ ತಿಳಿವಳಿಕೆಯನ್ನೂ ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ನೀಡಲಾಗಿದೆ.

ಬಾಲ್ಯ ಮತ್ತು ಪುಸ್ತಕದ ಅಂಗಡಿ

ಮೈಕೆಲ್ ಫ್ಯಾರಡೆಯವರು 1791ರ ಸೆಪ್ಟೆಂಬರ್ 22ರಂದು ಇಂಗ್ಲೆಂಡಿನ ನ್ಯೂಯಿಂಗ್ಟನ್ ಬಟ್ಸ್ ಎಂಬಲ್ಲಿ ಜನಿಸಿದರು. ಈ ಸ್ಥಳವು ಈಗ ಲಂಡನ್ ನಗರದೊಳಗೆ ಸೇರಿಹೋಗಿದೆ. ತಂದೆ ಜೇಮ್ಸ್ ಅವರು ಉತ್ತರ ಇಂಗ್ಲೆಂಡಿನಿಂದ ಕೆಲಸ ಅರಸಿ ಬಂದ ಕಮ್ಮಾರರು. ಆರೋಗ್ಯ ಕೆಟ್ಟಿದ್ದುದರಿಂದ ದುಡಿಮೆ ಸದಾ ನಡೆಯುತ್ತಿರಲಿಲ್ಲ. 1801ರ ದುಬಾರಿಯ ಕಾಲದಲ್ಲಿ ಬಾಲಕ ಮೈಕೆಲ್‌ಗೆ ಒಂದು ವಾರಕ್ಕೆ ಒಂದೇ ರೊಟ್ಟಿಯ ಉಂಡೆ ದೊರೆಯುತ್ತಿತ್ತು. ಶಾಲೆಯಲ್ಲಿ ಅವರು ಕಲಿತದ್ದು ಓದು, ಬರಹ ಮತ್ತು ಸ್ವಲ್ಪ ಲೆಕ್ಕ, ಅಷ್ಟೇ. ಉನ್ನತ ಗಣಿತವು ಅವರಿಗೆ ಕಡೆಯವರೆಗೂ ಒಲಿಯಲಿಲ್ಲ.

1804ರಲ್ಲಿ ಅವರು ಜಾರ್ಜ್ ರೀಬೋ ಎಂಬವರ ಪುಸ್ತಕದ ಅಂಗಡಿಯಲ್ಲಿ ಪತ್ರಿಕೆ ಹಂಚುವ ಹುಡುಗನಾಗಿ ಸೇರಿ, ಮರುವರ್ಷ ಪುಸ್ತಕಕ್ಕೆ ರಟ್ಟು ಕಟ್ಟುವ ಕಸುಬಿನಲ್ಲಿ ಏಳು ವರ್ಷಗಳ ಶಿಷ್ಯವೃತ್ತಿಗೆ ನಿಂತರು. ರಟ್ಟು ಕಟ್ಟಲು ಬಂದ ಪುಸ್ತಕಗಳನ್ನು ಕಟ್ಟುವ ಮೊದಲು ಓದುವುದು ಅವರ ಅಭ್ಯಾಸವಾಯಿತು. ಬ್ರಿಟಾನಿಕಾ ವಿಶ್ವಕೋಶದ ವಿದ್ಯುತ್ತಿನ ಲೇಖನವೂ, ಜೇನ್ ಮಾರ್ಸೆಟ್ ಎಂಬ ಮಹಿಳೆಯು ರಸಾಯನಶಾಸ್ತ್ರವನ್ನು ಕುರಿತು ಬರೆದ ಜನಪ್ರಿಯ ಗ್ರಂಥವೂ ಅವರಿಗೆ ದಾರಿ ತೋರಿದವು. ಓದಿದ್ದನ್ನು ನಂಬಿ ಸುಮ್ಮನಾಗದೆ, ಕೈಯಲ್ಲಿದ್ದ ಪುಡಿಗಾಸಿನಲ್ಲಿ ಸಾಮಗ್ರಿ ಕೊಂಡು ಪರೀಕ್ಷಿಸಿ ನೋಡುತ್ತಿದ್ದರು. 1810ರಿಂದ ಅವರು ಕೇಳತೊಡಗಿದ ಸಂಜೆಯ ವಿಜ್ಞಾನ ಉಪನ್ಯಾಸಗಳಿಗೆ ತಲಾ ಒಂದು ಷಿಲಿಂಗ್ ಶುಲ್ಕವಿತ್ತು. ಅದನ್ನು ತೆತ್ತವರು ಕಮ್ಮಾರಿಕೆಯಲ್ಲೇ ಉಳಿದ ಅಣ್ಣ ರಾಬರ್ಟ್.

1812ರಲ್ಲಿ ಅಂಗಡಿಯ ಗಿರಾಕಿಯೊಬ್ಬರು ರಾಯಲ್ ಇನ್‌ಸ್ಟಿಟ್ಯೂಷನ್ ಸಂಸ್ಥೆಯಲ್ಲಿ ಸರ್ ಹಂಫ್ರಿ ಡೇವಿಯವರು ನೀಡುತ್ತಿದ್ದ ಉಪನ್ಯಾಸಗಳಿಗೆ ಪ್ರವೇಶಪತ್ರ ಕೊಡಿಸಿದರು. ಫ್ಯಾರಡೆಯವರು ಕೇಳಿದ್ದನ್ನೆಲ್ಲ ಚಿತ್ರಸಹಿತ ಬರೆದು, ತಾವೇ ರಟ್ಟು ಕಟ್ಟಿ, ಉದ್ಯೋಗ ಕೋರಿ ಡೇವಿಯವರಿಗೆ ಕಳುಹಿಸಿದರು. ಇದನ್ನು ಅವರ ಜೀವನದ ಪ್ರಮುಖ ಅರ್ಜಿಯೆಂದೇ ಹೇಳಬಹುದು. ಅದಕ್ಕೆ ಲಗತ್ತಿಸಿದ ದಾಖಲೆಯು ಅವರ ಕೈಬರಹವೊಂದೇ. ಕೂಡಲೇ ಖಾಲಿ ಹುದ್ದೆ ಇರಲಿಲ್ಲ. 1813ರ ಮಾರ್ಚ್ 1ರಂದು ಅವರು ಪ್ರಯೋಗಾಲಯ ಸಹಾಯಕರಾಗಿ ನೇಮಕಗೊಂಡರು. ವಾರಕ್ಕೆ 25 ಷಿಲಿಂಗ್ ವೇತನ, ಕಟ್ಟಡದ ಮೇಲಂತಸ್ತಿನಲ್ಲಿ ವಾಸದ ಕೋಣೆಗಳು, ಉರುವಲು ಮತ್ತು ಮೇಣದ ಬತ್ತಿ ಅವರಿಗೆ ದೊರೆತವು.

ಸಂಶೋಧನೆಯ ವರ್ಷಗಳು

ಅದೇ ವರ್ಷದ ಅಕ್ಟೋಬರ್‌ನಲ್ಲಿ ಡೇವಿ ದಂಪತಿಗಳೊಡನೆ ಯೂರೋಪ್ ಪ್ರವಾಸಕ್ಕೆ ಹೊರಟ ಫ್ಯಾರಡೆಯವರು 1815ರ ಏಪ್ರಿಲ್‌ನಲ್ಲಿ ಮರಳಿದರು. ಆಂಪೇರ್, ವೋಲ್ಟಾ ಮೊದಲಾದ ವಿಜ್ಞಾನಿಗಳನ್ನು ಕಾಣುವ ಅವಕಾಶ ಅವರಿಗೆ ಲಭಿಸಿತಾದರೂ, ಡೇವಿಯವರ ಪತ್ನಿಯು ಅವರನ್ನು ಸೇವಕನಂತೆ ನಡೆಸಿಕೊಂಡುದರಿಂದ ಮನನೊಂದು ಅರ್ಧದಾರಿಯಲ್ಲೇ ಹಿಂದಿರುಗಲು ಯೋಚಿಸಿದ್ದೂ ಉಂಟು.

1821ರಲ್ಲಿ ಅವರು ಸಾರಾ ಬರ್ನಾರ್ಡ್ ಅವರನ್ನು ವಿವಾಹವಾದರು. ಅದೇ ವರ್ಷ, ವಿದ್ಯುತ್ ಹರಿಯುವ ತಂತಿಯು ಅಯಸ್ಕಾಂತದ ಸುತ್ತ ತಾನೇ ತಿರುಗುವಂತೆ ಮಾಡಿ ತೋರಿಸಿದರು. ವಿದ್ಯುತ್ ಮೋಟಾರಿನ ಆರಂಭ ಅದು. ಆದರೆ ವೊಲಾಸ್ಟನ್ ಎಂಬ ಹಿರಿಯ ವಿಜ್ಞಾನಿಯ ವಿಚಾರವನ್ನು ಅವರ ಹೆಸರು ಹೇಳದೆ ಬಳಸಿಕೊಂಡರೆಂಬ ಆಪಾದನೆಯೂ ಬಂದಿತು. ಬಡತನದಿಂದ ಮೇಲೆ ಬಂದ ಯುವಕನಿಗೆ ಪ್ರಾಮಾಣಿಕತೆಯ ಹೆಸರೊಂದೇ ಆಸ್ತಿ. ಅದಕ್ಕೇ ಕುತ್ತು ಬಂದಾಗ ಅವರು ವೊಲಾಸ್ಟನ್‌ರನ್ನು ನೇರವಾಗಿ ಕಂಡು ವಿಷಯವನ್ನು ತಿಳಿಯಪಡಿಸಿದರು. 1824ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವಕ್ಕೆ ಅವರ ಹೆಸರು ಬಂದಾಗ ಡೇವಿಯವರೇ ವಿರೋಧಿಸಿದರು. ಆದರೂ ಆಯ್ಕೆ ನಡೆಯಿತು, ಮತ್ತು ಫ್ಯಾರಡೆಯವರು ಡೇವಿಯವರ ಮೇಲಿನ ಗೌರವವನ್ನು ಕಡೆಯವರೆಗೂ ಬಿಡಲಿಲ್ಲ.

1831ರ ಆಗಸ್ಟ್ 29ರಂದು ಅವರು ಕಬ್ಬಿಣದ ಬಳೆಯೊಂದರ ಎರಡು ಬದಿಗೆ ಬೇರೆ ಬೇರೆ ತಂತಿ ಸುತ್ತಿ, ಒಂದಕ್ಕೆ ಬ್ಯಾಟರಿಯನ್ನು ಜೋಡಿಸಿದರು. ಜೋಡಿಸಿದ ಕ್ಷಣದಲ್ಲೂ ಕಳಚಿದ ಕ್ಷಣದಲ್ಲೂ ಇನ್ನೊಂದು ತಂತಿಗೆ ಸೇರಿಸಿದ್ದ ಮಾಪಕದ ಮುಳ್ಳು ಅಲುಗಿತು, ನಡುವೆ ಅಲುಗಲಿಲ್ಲ. ಬದಲಾಗುತ್ತಿರುವ ಕಾಂತತ್ವವೇ ವಿದ್ಯುತ್ತನ್ನು ಹುಟ್ಟಿಸುತ್ತದೆಂಬ ವಿದ್ಯುತ್ಕಾಂತೀಯ ಪ್ರೇರಣೆಯ ತತ್ವವು ಹೀಗೆ ತಿಳಿದುಬಂದಿತು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ಹರಿದ ವಿದ್ಯುತ್ತೂ, ಇಂದು ಮನೆಯ ರೌಟರಿಗೆ ಜೋಡಿಸುವ ಅಡಾಪ್ಟರಿನೊಳಗಿನ ಪುಟ್ಟ ಪರಿವರ್ತಕವೂ ಈ ತತ್ವವನ್ನೇ ಅವಲಂಬಿಸಿವೆ.

ಹನ್ನೆರಡು ಅಡಿಯ ಕೋಣೆ

ವಿದ್ಯುದಂಶವು ವಸ್ತುವಿನ ಒಳಗಡೆ ಇರುತ್ತದೆಯೇ ಅಥವಾ ಹೊರಮೈಯಲ್ಲಿ ಮಾತ್ರ ಇರುತ್ತದೆಯೇ ಎಂಬುದು ಆ ಕಾಲದಲ್ಲಿ ಚರ್ಚೆಯಲ್ಲಿದ್ದ ಪ್ರಶ್ನೆ. ಬೆಂಜಮಿನ್ ಫ್ರಾಂಕ್ಲಿನ್ ಅವರು ಸುಮಾರು ಎಂಬತ್ತು ವರ್ಷ ಮೊದಲೇ ವಿದ್ಯುದಂಶ ತುಂಬಿದ ಬೆಳ್ಳಿಯ ಪಾತ್ರೆಯೊಳಗೆ ಬಿರಡೆಯ ಗುಂಡನ್ನು ಇಳಿಬಿಟ್ಟು, ಒಳಮೈ ಅದನ್ನು ಸೆಳೆಯುವುದಿಲ್ಲವೆಂದು ಕಂಡಿದ್ದರು. ಫ್ಯಾರಡೆಯವರು ಪಾತ್ರೆಯ ಬದಲು ಮನುಷ್ಯನೇ ಹೋಗಿ ಕೂರಬಹುದಾದ ಕೋಣೆಯನ್ನು ಕಟ್ಟಿಸಿದರು. ಪ್ರತಿ ಬದಿಯೂ 12 ಅಡಿಯಿದ್ದ ಮರದ ಚೌಕಟ್ಟಿಗೆ ತಾಮ್ರದ ತಂತಿ, ಕಾಗದ ಮತ್ತು ತವರದ ತೆಳುಹಾಳೆಯ ಪಟ್ಟಿಗಳನ್ನು ಹೊದಿಸಿ, ನೆಲಕ್ಕೆ ವಿದ್ಯುತ್ ಹರಿಯದಂತೆ ಅದನ್ನು ಸಂಸ್ಥೆಯ ಉಪನ್ಯಾಸ ಮಂದಿರದಲ್ಲಿ ನಿಲ್ಲಿಸಲಾಯಿತು. ಹೊರಗಿನಿಂದ ದೊಡ್ಡ ವಿದ್ಯುತ್ ಯಂತ್ರವನ್ನು ತಿರುಗಿಸಿದಾಗ ಕೋಣೆಯ ಹೊರಮೈಯಿಂದ ಕಿಡಿಗಳು ಹಾರಿದವು. ಫ್ಯಾರಡೆಯವರು ಉರಿಯುವ ಮೇಣದ ಬತ್ತಿಯನ್ನೂ ಸೂಕ್ಷ್ಮ ಮಾಪಕಗಳನ್ನೂ ಹಿಡಿದು ಒಳಗೇ ಇದ್ದರು. ಮಾಪಕಗಳು ಏನನ್ನೂ ತೋರಿಸಲಿಲ್ಲ. ಲೋಹದ ಹೊದಿಕೆಯ ಹೊರಗೆ ನಡೆದ ವಿದ್ಯುತ್ತಿನ ಆರ್ಭಟವು ಒಳಗಿದ್ದವರಿಗೆ ತಟ್ಟಲಿಲ್ಲ. ಇಂತಹ ಹೊದಿಕೆಗೆ ಇಂದು ಫ್ಯಾರಡೆ ಪಂಜರವೆಂದು ಹೆಸರು.

ಇದನ್ನು ಓದಿದವರು, ಹೊರಗಿನದು ಒಳಗೆ ಬಾರದಿದ್ದರೆ ಒಳಗಿನದೂ ಹೊರಗೆ ಹೋಗದೆಂದು ತಕ್ಷಣ ತೀರ್ಮಾನಿಸಬಾರದು. 1843ರಲ್ಲಿ ಫ್ಯಾರಡೆಯವರೇ ಮಂಜುಗಡ್ಡೆ ಇಡುವ ಲೋಹದ ಬಕೆಟ್ಟಿನೊಳಗೆ ವಿದ್ಯುದಂಶವುಳ್ಳ ಗುಂಡನ್ನು ದಾರದಿಂದ ಇಳಿಸಿದಾಗ, ಅಷ್ಟೇ ಪ್ರಮಾಣದ ವಿದ್ಯುದಂಶವು ಬಕೆಟ್ಟಿನ ಹೊರಮೈಯಲ್ಲಿ ಕಾಣಿಸಿಕೊಂಡಿತು. ಅಂದರೆ ನಿಶ್ಚಲ ವಿದ್ಯುತ್ತಿನ ವಿಷಯದಲ್ಲಿ, ಭೂಮಿಗೆ ಜೋಡಿಸದ ಪಾತ್ರೆಯು ಒಳಗಿರುವುದನ್ನು ಹೊರಗಿನವರಿಂದ ಮರೆಮಾಚುವುದಿಲ್ಲ. ಸೆಕೆಂಡಿಗೆ ನೂರಾರು ಕೋಟಿ ಸಲ ಕಂಪಿಸುವ ರೇಡಿಯೋ ಅಲೆಗಳ ರೀತಿ ಬೇರೆ. ಅಲೆಯು ಲೋಹಕ್ಕೆ ತಗುಲಿದಾಗ ಬಹುಪಾಲು ಹಿಂದಕ್ಕೆ ಪ್ರತಿಫಲಿಸುತ್ತದೆ. ಉಳಿದದ್ದು ಲೋಹದ ಚರ್ಮದಷ್ಟು ತೆಳುವಾದ ಪದರದಲ್ಲೇ ಕ್ಷಯಿಸುತ್ತದೆ. ಆದುದರಿಂದ ಎಲ್ಲೂ ಬಿರುಕಿಲ್ಲದ ಹೊದಿಕೆಯು ಎರಡೂ ದಿಕ್ಕಿನಲ್ಲಿ ಅಲೆಗಳನ್ನು ತಡೆಯುತ್ತದೆ.

ಆ ಅಲೆಗಳ ಇರವನ್ನೇ ಜಗತ್ತು ಆಗ ಅರಿತಿರಲಿಲ್ಲ. 1846ರ ಏಪ್ರಿಲ್‌ನ ಉಪನ್ಯಾಸವೊಂದರಲ್ಲಿ, ಬೆಳಕು ಎಂಬುದು ಬಲರೇಖೆಗಳ ಕಂಪನವಾಗಿರಬಹುದೆಂಬ ಊಹೆಯನ್ನು ಫ್ಯಾರಡೆಯವರು ಮುಂದಿಟ್ಟರು. ಗಣಿತದ ಬೆಂಬಲವಿಲ್ಲದ ಈ ಮಾತನ್ನು ಗಂಭೀರವಾಗಿ ಸ್ವೀಕರಿಸಿದವರು ವಿರಳ. ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಅವರು 1860ರ ದಶಕದಲ್ಲಿ ಅದಕ್ಕೆ ಸಮೀಕರಣಗಳ ರೂಪ ಕೊಟ್ಟರು. ಹೈನ್‌ರಿಕ್ ಹರ್ಟ್ಸ್ ಅವರು ಅಲೆಗಳನ್ನು ಪ್ರಯೋಗಾಲಯದಲ್ಲಿ ಹುಟ್ಟಿಸಿ ಹಿಡಿದದ್ದು 1880ರ ದಶಕದ ಕೊನೆಗೆ. ಅಷ್ಟು ಹೊತ್ತಿಗೆ ಫ್ಯಾರಡೆಯವರು ತೀರಿಕೊಂಡು ಇಪ್ಪತ್ತು ವರ್ಷಗಳಾಗಿದ್ದವು.

ಮನೆಯನ್ನು ಪಂಜರವಾಗಿಸಬಹುದೇ?

ಮನೆಯ ವೈ-ಫೈ ಸಾಮಾನ್ಯವಾಗಿ 2.4 ಮತ್ತು 5 ಗಿಗಾಹರ್ಟ್ಸ್ ತರಂಗಾಂತರ ಪಟ್ಟಿಗಳಲ್ಲಿ ಕೆಲಸ ಮಾಡುತ್ತದೆ. ಮೊದಲನೆಯದರ ಅಲೆಯ ಉದ್ದ ಸುಮಾರು 12.5 ಸೆಂ.ಮೀ., ಎರಡನೆಯದರದ್ದು ಸುಮಾರು 5ರಿಂದ 6 ಸೆಂ.ಮೀ. ಪಂಜರದ ರಂಧ್ರಗಳು ಈ ಉದ್ದಕ್ಕಿಂತ ಬಹಳ ಚಿಕ್ಕದಾಗಿರಬೇಕು. ಮೈಕ್ರೋವೇವ್ ಒಲೆಯ ಬಾಗಿಲಿನ ಗಾಜಿಗೆ ಸಣ್ಣ ತೂತುಗಳ ಲೋಹದ ಹಾಳೆಯನ್ನು ಅಳವಡಿಸಿರುವುದು ಇದೇ ಕಾರಣಕ್ಕೆ. ಅದು ಬಳಸುವುದೂ 2.4 ಗಿಗಾಹರ್ಟ್ಸ್‌ನ ಆಸುಪಾಸಿನ ಅಲೆಗಳನ್ನೇ. ನಮ್ಮ ಮನೆಗಳ ಕಿಟಕಿಯ ಕಬ್ಬಿಣದ ಸರಳುಗಳ ನಡುವಿನ ಅಂತರವು ಅಲೆಯ ಉದ್ದಕ್ಕೆ ಹತ್ತಿರವಿರುವುದರಿಂದ ಅವು ತಡೆಯಾಗಲಾರವು. ಸೊಳ್ಳೆ ತಡೆಯುವ ನೈಲಾನ್ ಪರದೆಯಿಂದ ಪ್ರಯೋಜನವಿಲ್ಲ. ಲೋಹದ ಜಾಲರಿಯಾದರೆ ಸ್ವಲ್ಪ ಮಟ್ಟಿಗೆ ತಡೆಯುತ್ತದೆ.

ಅಡುಗೆಮನೆಯ ಅಲ್ಯೂಮಿನಿಯಂ ಹಾಳೆಯು ಎಷ್ಟೇ ತೆಳುವಾಗಿದ್ದರೂ ಈ ಅಲೆಗಳನ್ನು ತಡೆಯಲು ಸಾಕಷ್ಟು ದಪ್ಪವೇ. ತೊಂದರೆ ಇರುವುದು ಹಾಳೆಯಲ್ಲಲ್ಲ, ಸಂದಿಯಲ್ಲಿ. ಬಾಗಿಲಿನ ಅಂಚಿನಲ್ಲೋ ಎರಡು ಹಾಳೆಗಳ ಕೂಡುಗೆರೆಯಲ್ಲೋ 6 ಸೆಂ.ಮೀ. ಉದ್ದದ ಕೂದಲೆಳೆಯಂತಹ ಸೀಳು ಉಳಿದರೂ ಅದೇ ಒಂದು ಆಂಟೆನಾದಂತೆ ವರ್ತಿಸಿ ಸಂಕೇತವನ್ನು ಹೊರಹಾಕುತ್ತದೆ. ಮುಚ್ಚಳವಿರುವ ಸ್ಟೀಲ್ ಡಬ್ಬಿಯೊಳಗೆ ಮೊಬೈಲ್ ಇಟ್ಟು ಬೇರೊಂದು ದೂರವಾಣಿಯಿಂದ ಕರೆ ಮಾಡಿ ನೋಡಿದರೆ, ಎಷ್ಟೋ ಸಲ ಅದು ಒಳಗಿನಿಂದಲೇ ರಿಂಗಣಿಸುತ್ತದೆ. ಒಂದು ಡಬ್ಬಿಯ ಸ್ಥಿತಿಯೇ ಹೀಗಿರುವಾಗ ಕಿಟಕಿ, ಬಾಗಿಲು, ನೀರಿನ ಕೊಳವೆ ಮತ್ತು ವಿದ್ಯುತ್ ತಂತಿಗಳ ತೂತುಗಳಿರುವ ಮನೆಯ ವಿಷಯವನ್ನು ಊಹಿಸಿಕೊಳ್ಳಬಹುದು.

ರೌಟರಿನ ಪ್ರಸಾರ ಶಕ್ತಿಯು ಸಾಮಾನ್ಯವಾಗಿ ಒಂದು ವ್ಯಾಟ್‌ನ ಹತ್ತನೆಯ ಒಂದು ಭಾಗದಷ್ಟು. ಅದರ ನೂರು ಕೋಟಿಯಲ್ಲಿ ಒಂದು ಭಾಗ ತಲುಪಿದರೂ ಸಾಧಾರಣ ಮೊಬೈಲ್ ಅದನ್ನು ಗ್ರಹಿಸಬಲ್ಲದು. ಅರ್ಧಂಬರ್ಧ ಹೊದಿಕೆಯು ಸಂಕೇತವನ್ನು ಸಾವಿರದಲ್ಲೊಂದು ಪಾಲಿಗೆ ಇಳಿಸಿದರೂ, ರಸ್ತೆಯ ಬದಿಯಲ್ಲಿ ಒಳ್ಳೆಯ ಆಂಟೆನಾ ಹಿಡಿದವನಿಗೆ ಅದು ಸಾಕಾಗಬಹುದು. ಮನೆಯವರಿಗೆ ಮಾತ್ರ ಮೊಬೈಲ್ ಸಂಪರ್ಕ ದುರ್ಬಲವಾಗಿ, ತುರ್ತು ಸಂದರ್ಭದಲ್ಲಿ 112ಕ್ಕೆ ಕರೆ ಮಾಡುವುದೂ ಕಷ್ಟವಾಗುತ್ತದೆ. ರೌಟರನ್ನೇ ಲೋಹದ ಪೆಟ್ಟಿಗೆಯೊಳಗೆ ಮುಚ್ಚಿಡುವುದರಿಂದ ಅದು ಬಿಸಿಯೇರಿ ಕೆಡುತ್ತದೆ. ಸಂಕೇತವನ್ನು ಕೆಡಿಸುವ ಜಾಮರ್ ಉಪಕರಣವನ್ನು ಕೇಂದ್ರ ಸರ್ಕಾರದ ಅನುಮತಿಯಿಲ್ಲದೆ ಖಾಸಗಿ ವ್ಯಕ್ತಿಗಳು ಬಳಸುವುದು ಕಾನೂನುಬಾಹಿರವಾಗಿರುತ್ತದೆ.

ಇಷ್ಟಾದರೂ ವಿಷಯವನ್ನು ಅಲಕ್ಷಿಸುವಂತಿಲ್ಲ. 2008ರ ಜುಲೈ 26ರಂದು ಅಹಮದಾಬಾದ್ ನಗರದಲ್ಲಿ ಐವತ್ತಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡ ಸರಣಿ ಸ್ಫೋಟಗಳಿಗೆ ಕೆಲವೇ ನಿಮಿಷಗಳ ಮುನ್ನ ಮಾಧ್ಯಮ ಸಂಸ್ಥೆಗಳಿಗೆ ಬೆದರಿಕೆಯ ಮಿಂಚಂಚೆ ಬಂದಿತು. ತನಿಖೆಯು ನವಿ ಮುಂಬಯಿಯ ಒಂದು ಮನೆಗೆ ಹೋಗಿ ನಿಂತಿತು. ಅಲ್ಲಿನ ನಿವಾಸಿಯ ವೈ-ಫೈ ಜಾಲಕ್ಕೆ ರಕ್ಷಣೆಯಿರಲಿಲ್ಲ. ಅದನ್ನು ಬೇರೆಯವರು ಹೊರಗಿನಿಂದ ಬಳಸಿಕೊಂಡಿದ್ದರು. ಆ ನಿವಾಸಿಯು ಮಾತ್ರ ವಿಚಾರಣೆಯನ್ನು ಎದುರಿಸಬೇಕಾಯಿತು. ಇದರ ನಂತರ 2009ರಲ್ಲಿ ಕೇಂದ್ರದ ದೂರಸಂಪರ್ಕ ಇಲಾಖೆಯು ವೈ-ಫೈ ಸುರಕ್ಷತೆಯ ಬಗ್ಗೆ ಅಂತರಜಾಲ ಸೇವಾದಾರರಿಗೆ ಸೂಚನೆಗಳನ್ನು ಹೊರಡಿಸಿತು.

ಸಂಕೇತವು ಹೊರಗೆ ಹೋದರೂ ಅದರಲ್ಲಿರುವುದು ಪರರಿಗೆ ಅರ್ಥವಾಗದಂತೆ ಮಾಡುವುದು ಲೋಹದ ಹೊದಿಕೆಗಿಂತ ಮೇಲಾದ ಉಪಾಯ. ನಾಗರಿಕರು ತಮ್ಮ ರೌಟರಿನ ಸೆಟ್ಟಿಂಗ್ ಪುಟದಲ್ಲಿ ಡಬ್ಲ್ಯು.ಪಿ.ಎ.-3, ಅದು ಇಲ್ಲದಿದ್ದಲ್ಲಿ ಡಬ್ಲ್ಯು.ಪಿ.ಎ.-2 ಎಂಬ ಗೂಢಲಿಪಿ ವಿಧಾನವನ್ನು ಆರಿಸಿಕೊಳ್ಳತಕ್ಕದ್ದು. ಡಬ್ಲ್ಯು.ಇ.ಪಿ. ಎಂಬ ಹಳೆಯ ವಿಧಾನದ ದೌರ್ಬಲ್ಯವು 2001ರಲ್ಲೇ ಬಯಲಾಗಿದ್ದು, ಅದನ್ನು ಬಳಸುವುದು ಬೀಗವಿಲ್ಲದ ಚಿಲಕ ಹಾಕಿದಂತೆ. ಪಾಸ್‌ವರ್ಡ್ ಉದ್ದವಾಗಿರಲಿ, ಮನೆಯ ಸಂಖ್ಯೆ, ಮಕ್ಕಳ ಹೆಸರು, ದೂರವಾಣಿ ಸಂಖ್ಯೆ ಬೇಡ. ರೌಟರಿನೊಂದಿಗೆ ಬಂದ ಆಡಳಿತದ ಪಾಸ್‌ವರ್ಡನ್ನು ಬೇರೆಯಾಗಿ ಬದಲಾಯಿಸಬೇಕು. ಇದನ್ನು ಹಲವರು ಮರೆಯುತ್ತಾರೆ. ಗುಂಡಿ ಒತ್ತಿ ಸಂಪರ್ಕ ಪಡೆಯುವ ಡಬ್ಲ್ಯು.ಪಿ.ಎಸ್. ಸೌಲಭ್ಯವನ್ನು ಸ್ಥಗಿತಗೊಳಿಸುವುದು ಉತ್ತಮ. ಜಾಲದ ಹೆಸರನ್ನು ಅಡಗಿಸುವುದರಿಂದ ರಕ್ಷಣೆ ದೊರೆಯುವುದೆಂಬುದು ತಪ್ಪು ತಿಳಿವಳಿಕೆ. ಸಾಧಾರಣ ತಂತ್ರಾಂಶದಿಂದಲೇ ಅದು ಪತ್ತೆಯಾಗುತ್ತದೆ.

ಸೋರಿಕೆಯನ್ನು ತಗ್ಗಿಸುವ ಸುಲಭ ಮಾರ್ಗವೂ ಉಂಟು. ರಸ್ತೆಗೆ ಮುಖ ಮಾಡಿದ ಕಿಟಕಿಯ ಬಳಿ ಇರುವ ರೌಟರನ್ನು ಮನೆಯ ನಡುಭಾಗಕ್ಕೆ ಸರಿಸಿ, ಪ್ರಸಾರ ಶಕ್ತಿಯನ್ನು ತಗ್ಗಿಸುವ ಆಯ್ಕೆ ಇದ್ದಲ್ಲಿ ಅದನ್ನು ಬಳಸಬಹುದು. 5 ಗಿಗಾಹರ್ಟ್ಸ್ ಸಂಕೇತವು ಇಟ್ಟಿಗೆ ಮತ್ತು ಕಾಂಕ್ರೀಟ್ ಗೋಡೆಗಳಲ್ಲಿ ಹೆಚ್ಚು ಕ್ಷೀಣಿಸುವುದರಿಂದ, ಚಿಕ್ಕ ಮನೆಗಳಲ್ಲಿ ಅದೊಂದನ್ನೇ ಇರಿಸಿಕೊಂಡರೂ ಸಾಕಾದೀತು. ಕಬ್ಬಿಣದ ಬೀರು, ದೊಡ್ಡ ನಿಲುವುಗನ್ನಡಿ ಮುಂತಾದವು ಅಲೆಗಳನ್ನು ಹಿಂದಕ್ಕೆ ತಳ್ಳುತ್ತವೆ. ರಸ್ತೆ ಬದಿಯ ಗೋಡೆಗೆ ಅವು ಇದ್ದರೆ ಅನುಕೂಲವೇ. ಊರಿಗೆ ಹೋಗುವಾಗ ರೌಟರಿನ ಸ್ವಿಚ್ ಆರಿಸಿ ಹೋಗುವುದಕ್ಕೆ ಯಾವ ವೆಚ್ಚವೂ ಇಲ್ಲ.

ಕೊನೆಯ ವರ್ಷಗಳು

ಫ್ಯಾರಡೆಯವರ ಆರೋಗ್ಯವು 1839ರ ಹೊತ್ತಿಗೆ ಕುಸಿಯಿತು. ತಲೆಸುತ್ತು, ದಣಿವು ಮತ್ತು ಎಲ್ಲಕ್ಕಿಂತ ಮಿಗಿಲಾಗಿ ಮರೆವು ಅವರನ್ನು ಕಾಡಿದವು. ತಾವೇ ಮಾಡಿದ ಪ್ರಯೋಗವನ್ನು ಮರೆಯುವ ಭಯವಿದ್ದ ಅವರಿಗೆ ದಿನಚರಿಯೇ ಆಧಾರ. ಪ್ರತಿ ಕಂಡಿಕೆಗೂ ಸಂಖ್ಯೆ ಕೊಟ್ಟು ಬರೆದ ಆ ದಿನಚರಿಯ ಕ್ರಮಾಂಕವು 16 ಸಾವಿರವನ್ನು ದಾಟಿದೆ. ಕಡತ ನಿರ್ವಹಣೆಯ ಕೆಲಸದಲ್ಲಿರುವವರು ಅದನ್ನು ಕಂಡು ಮೆಚ್ಚದಿರಲಾರರು. ಈ ಅನಾರೋಗ್ಯದ ನಡುವೆಯೇ 1845ರಲ್ಲಿ ಅವರು ಕಾಂತಕ್ಷೇತ್ರವು ಬೆಳಕಿನ ಮೇಲೂ ಪ್ರಭಾವ ಬೀರುತ್ತದೆಂದು ಸಿದ್ಧಪಡಿಸಿದರು.

ಸರ್ಕಾರಿ ಕಾರ್ಯಗಳಿಗೂ ಅವರು ಶ್ರಮಿಸಿದರು. 1836ರಿಂದ 1865ರವರೆಗೆ ದೀಪಸ್ತಂಭಗಳ ಉಸ್ತುವಾರಿ ನಡೆಸುವ ಟ್ರಿನಿಟಿ ಹೌಸ್ ಸಂಸ್ಥೆಗೆ ವೈಜ್ಞಾನಿಕ ಸಲಹೆಗಾರರಾಗಿದ್ದರು. ಅಲೆಗಳನ್ನು ಒಳಗೆ ಬಿಡದ ಕೋಣೆಯನ್ನು ಕಟ್ಟಿದ ವರ್ಷವೇ, ಬೆಳಕು ಸಮುದ್ರದ ಮೇಲೆ ಸಾಧ್ಯವಾದಷ್ಟು ದೂರ ಹೋಗುವಂತೆ ಮಾಡುವ ಕೆಲಸವನ್ನೂ ಅವರು ವಹಿಸಿಕೊಂಡದ್ದು ವಿಶೇಷ. 1844ರಲ್ಲಿ ಹ್ಯಾಸ್‌ವೆಲ್ ಕಲ್ಲಿದ್ದಲು ಗಣಿಯ ಸ್ಫೋಟದ ತನಿಖೆಯಲ್ಲಿ ಭಾಗವಹಿಸಿದರು. 1853ರಲ್ಲಿ ಮೇಜುಗಳನ್ನು ಪ್ರೇತಗಳು ತಿರುಗಿಸುತ್ತವೆಂಬ ಗೀಳು ಹಬ್ಬಿದಾಗ, ಅವನ್ನು ತಳ್ಳುವುದು ಕುಳಿತವರ ಕೈಗಳೇ ಎಂದು ಉಪಕರಣದಿಂದ ತೋರಿಸಿಕೊಟ್ಟರು. 1855ರಲ್ಲಿ ಥೇಮ್ಸ್ ನದಿಗೆ ಬಿಳಿಯ ಕಾಗದದ ಚೂರುಗಳನ್ನು ಹಾಕಿ, ಅವು ಒಂದು ಅಂಗುಲವೂ ಮುಳುಗುವ ಮೊದಲೇ ಕಣ್ಮರೆಯಾಗುವುದನ್ನು ಗಮನಿಸಿ, ನದಿಯ ಮಾಲಿನ್ಯದ ಬಗ್ಗೆ ಪತ್ರಿಕೆಗೆ ಬರೆದರು. ಕ್ರಿಮಿಯಾ ಯುದ್ಧದ ಕಾಲದಲ್ಲಿ ವಿಷಾನಿಲದ ಆಯುಧವನ್ನು ಸಿದ್ಧಪಡಿಸುವ ಕಾರ್ಯದಲ್ಲಿ ತಾವು ಪಾಲ್ಗೊಳ್ಳುವುದಿಲ್ಲವೆಂದು ತಿಳಿಸಿದರು.

ರಾಯಲ್ ಸೊಸೈಟಿಯ ಅಧ್ಯಕ್ಷ ಪದವಿಯನ್ನೂ ಸರ್ ಬಿರುದನ್ನೂ ಅವರು ಸ್ವೀಕರಿಸಲಿಲ್ಲ. ಮಕ್ಕಳಿಗಾಗಿ ನಡೆಸುತ್ತಿದ್ದ ಕ್ರಿಸ್‌ಮಸ್ ಉಪನ್ಯಾಸಗಳನ್ನು ಮಾತ್ರ 1860–61ರವರೆಗೆ ಬಿಡದೆ ಮುಂದುವರಿಸಿದರು. ಆ ಕೊನೆಯ ಸರಣಿಯ ವಿಷಯ ಒಂದು ಮೇಣದ ಬತ್ತಿ. 1858ರಲ್ಲಿ ವಿಕ್ಟೋರಿಯಾ ರಾಣಿಯವರು ಹ್ಯಾಂಪ್ಟನ್ ಕೋರ್ಟ್‌ನಲ್ಲಿ ಅವರಿಗೆ ವಾಸದ ಮನೆಯನ್ನು ಒದಗಿಸಿದ್ದರು. 1867ರ ಆಗಸ್ಟ್ 25ರಂದು ಅಲ್ಲಿಯೇ ಅವರು ನಿಧನ ಹೊಂದಿದರು. ಲಂಡನ್ನಿನ ಹೈಗೇಟ್ ಸ್ಮಶಾನದಲ್ಲಿರುವ ಅವರ ಸಮಾಧಿಯ ಕಲ್ಲಿನ ಮೇಲೆ ಹೆಸರು ಮತ್ತು ಜನನ-ಮರಣದ ದಿನಾಂಕಗಳಿವೆ. ಯಾವ ಪದವಿಯನ್ನೂ ಕೆತ್ತಿಲ್ಲ.